ಮಾರಾಟಕ್ಕಿಲ್ಲದ ಕಸೂತಿ

ಆಪ್ತಸಲಹೆಗೆಂದು ನನ್ನ ಬಳಿ ಬಂದಿದ್ದ ಮಹಿಳೆಯೊಬ್ಬರ ಕಥೆ ಇದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.

ಧಾರವಾಡದ ಕಡೆಯವರು. ವಯಸ್ಸು 47, ಸರ್ಕಾರಿ ಕಚೇರಿಯಲ್ಲಿ ಕೆಲಸ. ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ ಎಂದು ಬಂದಿದ್ದರು. ಕೂತ ಕೂಡಲೇ ಹೇಳಿದ್ದು, "ನಾ ಜೀವನದಾಗ ಏನೂ ಮಾಡ್ಲಿಲ್ರಿ ಮೇಡಂ."

ಅಜ್ಜಿಯಿಂದ ಕಸೂತಿ ಕಲಿತವರು. ಇಪ್ಪತ್ತು ವರ್ಷದಿಂದ ರಾತ್ರಿ ಊಟವಾದ ಮೇಲೆ ಒಂದು ತಾಸು ಸೂಜಿ ಹಿಡಿದು ಕೂರುತ್ತಾರೆ. ಒಂದು ಸೀರೆಗೆ ವರ್ಷವೇ ಹಿಡಿದರೂ ಅವಸರ ಇರಲಿಲ್ಲ. ಹೋದ ವರ್ಷ ಮದುವೆಯೊಂದರಲ್ಲಿ ಅವರುಟ್ಟ ಸೀರೆ ನೋಡಿದ ನಾದಿನಿ, "ವೈನಿ, ಇಂಥಾ ಕಲಾ ಕೈಯಾಗ ಇಟಗೊಂಡು ಸುಮ್ನ ಮನ್ಯಾಗ ಕುಂತೀರಲ್ಲ" ಎಂದು ಇನ್‌ಸ್ಟಾಗ್ರಾಂನಲ್ಲಿ ಪೇಜ್ ತೆರೆದುಕೊಟ್ಟರು. ಆರ್ಡರ್ ಬಂದವು. ಅದರ ಹಿಂದೆಯೇ "ಯಾವಾಗ ಕೊಡ್ತೀರಿ" ಎಂಬ ಮೆಸೇಜ್‌ಗಳೂ ಬಂದವು. ಲೈಕ್ ಎಷ್ಟಾಯ್ತು ಎಂದು ಮಧ್ಯರಾತ್ರಿ ಎದ್ದು ನೋಡುವುದು ಶುರುವಾಯಿತು. ಬೇರೆಯವರ ಪೇಜ್ ನೋಡಿದಾಗಲೆಲ್ಲ, ತಾನು ಇಪ್ಪತ್ತು ವರ್ಷ ಹಾಳುಮಾಡಿಕೊಂಡೆ ಎಂಬ ಸಂಕಟ.

ಕಳೆದ ಎರಡು ವಾರದ ನಿದ್ದೆ, ಹಸಿವು, ಬೇಸರ, ಬದುಕೇ ಬೇಡ ಅನ್ನಿಸುವುದು, ಹೀಗೆ ಖಿನ್ನತೆ ಅಳೆಯುವ 9 ಪ್ರಶ್ನೆಗಳನ್ನು ಮೊದಲೇ ಕೇಳಿದೆ. ತೀವ್ರವಾಗಿರಲಿಲ್ಲ. ಇದ್ದಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಹಣದ ವಿಚಾರವನ್ನೂ ಬಿಡಿಸಿ ಕೇಳಿದೆ. ಮನೆ ಸಂಬಳದಲ್ಲೇ ನಡೆಯುತ್ತಿತ್ತು. ಹಾಗಿಲ್ಲದಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು.

ಎರಡನೇ ಸಲ ಬರುವಾಗ ಒಂದು ಸೀರೆ ತನ್ನಿ ಎಂದಿದ್ದೆ. ಕಪ್ಪು ಚಂದ್ರಕಾಳಿ ತಂದರು, ಸೆರಗಿನ ತುಂಬ ತೇರು, ಗೋಪುರ. ಬಿಚ್ಚಿದವರೇ ಅದನ್ನು ತಿರುಗಿಸಿ ಹಿಂಬದಿ ತೋರಿಸಿದರು. ಕಸೂತಿಯ ಗವಂತಿ, ಮುರ್ಗಿ ಎಂಬ ಹೊಲಿಗೆಗಳು ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣಬೇಕು. ಗಂಟು ಹಾಕುವಂತಿಲ್ಲ. ಚಿತ್ರ ಬರೆದುಕೊಳ್ಳುವಂತಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಒಂದು ತೇರಿನ ಗಾಲಿಯ ಮೇಲೆ ಬೆರಳಿಟ್ಟರು. "ಇಲ್ಲಿ ಒಂದು ಎಳಿ ತಪ್ಪಿತ್ತು. ನಾಕು ದಿನದ್ದು ಬಿಚ್ಚಿ ಮತ್ತ ಹಾಕೀನಿ."

"ಬಿಟ್ಟಿದ್ದರೆ ಯಾರಿಗಾದರೂ ತಿಳೀತಿತ್ತಾ?"

"ಯಾರಿಗೂ ಇಲ್ರಿ. ನನಗ ಗೊತ್ತಿತ್ತಲ್ರಿ."

ಅವರ ಫೋನ್ ಎರಡು ಸಲ ರಿಂಗಾಯಿತು. ಅವರಿಗೆ ಅದರ ಕಡೆ ಗಮನವೇ ಇರಲಿಲ್ಲ.

ನಾಲ್ಕು ದಿನದ ಕೆಲಸ ಬಿಚ್ಚಿ ಮತ್ತೆ ಹಾಕಿದವರು ಏನೂ ಮಾಡಿಲ್ಲ ಎನ್ನುವುದು ಹೇಗೆ? ಅದನ್ನೇ ಅವರಿಗೆ ಹೇಳಿದೆ. 1973ರ ಒಂದು ಪ್ರಯೋಗದ ವಿಷಯವನ್ನೂ ಹೇಳಿದೆ. ಅಮೆರಿಕದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು, ಚಿತ್ರ ಬಿಡಿಸುವುದೆಂದರೆ ಇಷ್ಟ ಇದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡಿದ್ದರು. ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿ ಬಿಡಿಸಿದ ಮಕ್ಕಳು ಆಮೇಲೆ ತಾವಾಗಿ ಬಿಡಿಸುವುದು ಕಡಿಮೆಯಾಯಿತು. ಮೊದಲೇ ಹೇಳದೆ, ಆಮೇಲೆ ಬಹುಮಾನ ಸಿಕ್ಕ ಮಕ್ಕಳಲ್ಲಿ ಹಾಗಾಗಲಿಲ್ಲ. ಆರ್ಡರ್, ಲೈಕ್‌ಗಳೂ ಮೊದಲೇ ಹೇಳಿದ ಬಹುಮಾನದ ಹಾಗೇ ಎಂದೆ. ಇದನ್ನು ಕೇಳಿ ಅವರ ಕಣ್ಣು ತುಂಬಿತು. ತಪ್ಪು ತನ್ನ ಕೈಯದಲ್ಲ ಎಂದು ಅವರಿಗೆ ಮೊದಲ ಸಲ ಅನ್ನಿಸಿತೇನೋ.

ಹೆದರಿ ಅಡಗಿಸಿಡುವುದಕ್ಕೂ ತನಗಾಗಿ ಇಟ್ಟುಕೊಳ್ಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಅದನ್ನೂ ನೋಡಿದೆ. ಇವರು ತಾವೇ ಮಾಡಿದ ಸೀರೆ ಉಟ್ಟು ಮದುವೆಗೆ ಹೋದವರು, ಸೊಸೆಯಂದಿರಿಗೆ ಕುಪ್ಪಸದ ಖಣ ಹಾಕಿಕೊಟ್ಟವರು. ಅಡಗಿಸುತ್ತಿರಲಿಲ್ಲ.

ಸಲಹೆ ಇಷ್ಟು: ಮುಂಗಡ ತೆಗೆದುಕೊಂಡ ಎರಡನ್ನು ಮುಗಿಸಿಕೊಡಿ, ಉಳಿದವರಿಗೆ ಆಗುವುದಿಲ್ಲ ಎಂದು ಇವತ್ತೇ ತಿಳಿಸಿ. ಪೇಜ್ ಮೂರು ತಿಂಗಳು ಮುಚ್ಚಿಡಿ, ಆಮೇಲೆ ಬೇಕೆನಿಸಿದರೆ ತೆರೆಯಿರಿ. ಸೂಜಿ ಹಿಡಿಯುವ ಹೊತ್ತಿಗೆ ಫೋನ್ ಬೇರೆ ಕೋಣೆಯಲ್ಲಿರಲಿ. ನಾದಿನಿಗೆ ಕಾರಣ ವಿವರಿಸುತ್ತ ಹೋಗಬೇಡಿ, ಒಂದೇ ಮಾತು ಸಾಕು. ಆ ಮಾತನ್ನು ನನ್ನೆದುರು ನಾಲ್ಕೈದು ಸಲ ಹೇಳಿ ರೂಢಿ ಮಾಡಿಕೊಂಡರು.

ಆರು ವಾರದ ನಂತರ ಬಂದರು. ನಿದ್ದೆ ಸುಧಾರಿಸಿತ್ತು. ನಾದಿನಿ ಮನೆಗೆ ಬಂದು ಮತ್ತೆ ಕೇಳಿದರಂತೆ. "ಮಾರೋದಿಲ್ರಿ, ಇದು ನನಗಂತ ಹಾಕ್ಕೊಂಡದ್ದು ಅಂದೆ. ಕೈ ನಡುಗಿದ್ವು," ಎಂದರು. ಆಮೇಲೆ ಇಬ್ಬರೂ ಕೂತು ಚಹಾ ಕುಡಿದರಂತೆ.