ಪೆಟ್ಟಿನಿಂದ ಸೊಂಟದ ಮೂಳೆ ಜಾರಿದರೆ ಬೆಲ್ಟ್ ಸಾಕಾ, ಆಪರೇಷನ್ ಬೇಕಾ?

ಮರ ಬಿದ್ದು ತಮ್ಮನ ಸೊಂಟದ ಮೂಳೆ ಜಾರಿದೆ, ಬೆಲ್ಟ್ ಹಾಕಿ ಎಣ್ಣೆ ತಿಕ್ಕಿಸಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ತಿಕ್ಕಿಸಬೇಡಿ.

2019ರ ಆಗಸ್ಟ್ ಮಳೆಯಲ್ಲಿ ನಾನು ಮನೆ ಹಿಂದೆ ಬಗ್ಗಿಕೊಂಡು ಚರಂಡಿ ಬಿಡಿಸುತ್ತಿದ್ದೆ. ಧರೆ ಕುಸಿದು ಬೆನ್ನ ಮೇಲೇ ಬಿತ್ತು. ಬಗ್ಗಿದವರ ಬೆನ್ನಿಗೆ ಭಾರ ಬಿದ್ದಾಗಲೇ ಜಾಸ್ತಿ ಹೀಗಾಗುವುದಂತೆ. ಸೊಂಟದ ಕೊನೆಯ ಮೂಳೆ ಎಲ್5, ಅದನ್ನು ಹಿಂದಿನಿಂದ ಹಿಡಿದಿಟ್ಟ ಕೀಲುಗಳು ಕಳಚಿ ಮುಂದಕ್ಕೆ ಜಾರುತ್ತದೆ.

ಪಕ್ಕೆಲುಬೂ ಮುರಿದಿತ್ತು, ಮೊದಲ ಆಸ್ಪತ್ರೆಯಲ್ಲಿ ಎಲ್ಲರ ಗಮನ ಅದರ ಮೇಲೇ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಪಕ್ಕದ ರೆಕ್ಕೆಯಂಥ ಸಣ್ಣ ಮೂಳೆಗಳು ಮುರಿದದ್ದು ಕಂಡಿತು, ತಾನಾಗಿ ಕೂಡುತ್ತದೆ ಎಂದರು. ಆ ರೆಕ್ಕೆಗಳು ಸಾಲಾಗಿ ಮುರಿದಿದ್ದರೆ ಒಳಗೆ ದೊಡ್ಡ ಪೆಟ್ಟು ಅಡಗಿರಬಹುದು, ಸಿಟಿ ಸ್ಕ್ಯಾನ್ ಮಾಡಿಸಲೇಬೇಕು ಅಂತ ನನಗೆ ಆಗ ಗೊತ್ತಿರಲಿಲ್ಲ.

ಆದರೆ ನನ್ನನ್ನು ಕೆಡಿಸಿದ್ದು ನನ್ನ ತಪ್ಪೇ. ಬೇರೇನಾದರೂ ತೊಂದರೆ ಇದೆಯಾ ಅಂತ ಡಾಕ್ಟರು ಕೇಳಿದರು, ಇಲ್ಲ ಅಂದೆ. ಇತ್ತು. ಕೂರುವ ಜಾಗ, ತೊಡೆಸಂದು ಎಲ್ಲ ಜೋಮು ಹಿಡಿದಿತ್ತು. ತಿಣುಕಿದರೂ ಮೂತ್ರ ಸರಿಯಾಗಿ ಹೋಗುತ್ತಿರಲಿಲ್ಲ. ಪಕ್ಕದಲ್ಲಿ ಅತ್ತಿಗೆ ನಿಂತಿದ್ದರು, ಅವರೆದುರು ಹೇಗೆ ಹೇಳುವುದು ಅಂತ ಸುಮ್ನಾದೆ. ಸಂಜೆ ಡಾಕ್ಟರು ಒಬ್ಬರೇ ಬಂದಾಗಲೂ ಹೇಳಲಿಲ್ಲ, ನೋವಿನ ಇಂಜೆಕ್ಷನ್ನಿನಿಂದ ಹೀಗಾಗಿರಬೇಕು ಅಂದುಕೊಂಡೆ. ಮನೆಗೆ ಬಂದ ಮೇಲೆ ಹೆಂಡತಿಗೂ ಹೇಳಲಿಲ್ಲ, ಬೆಲ್ಟ್ ಕಟ್ಟಿಕೊಂಡು ಮೂರು ವಾರ ಮಲಗಿದೆ. ಬೆನ್ನಿನ ತುದಿಯ ನರಗಳ ಗೊಂಚಲು ಒತ್ತಿಹೋಗಿದೆ ಅಂತ ಕೂಗಿ ಹೇಳುವುದು ಆ ಜೋಮೇ. ತಡಮಾಡದೆ ಆಗಬೇಕಿದ್ದ ಆಪರೇಷನ್ ನನಗೆ ಆದದ್ದು 22ನೇ ದಿನ, ಅದೂ ಎಡಪಾದ ಎಳೆಯಲು ಶುರುವಾಗಿ ಮಂಗಳೂರಿಗೆ ಕರೆದೊಯ್ದ ಮೇಲೆ. ಸಿಟಿ ಸ್ಕ್ಯಾನಿನಲ್ಲಿ ಕಳಚಿದ ಕೀಲು, ಎಂಆರ್‌ಐಯಲ್ಲಿ ಹರಿದ ಡಿಸ್ಕ್ ಮತ್ತು ಒತ್ತಿದ ನರ ಕಂಡವು. ಮೂಳೆಯನ್ನು ಜಾಗಕ್ಕೆ ಕೂರಿಸಿ ಸ್ಕ್ರೂ, ರಾಡ್ ಹಾಕಿದರು. ಈಗ ನಡೆಯುತ್ತೇನೆ, ತೋಟಕ್ಕೂ ಹೋಗುತ್ತೇನೆ. ಆದರೆ ಮೂತ್ರಕ್ಕೆ ಇವತ್ತಿಗೂ ಗಡಿಯಾರ ನೋಡಿಕೊಂಡೇ ಹೋಗಬೇಕು.

ಬೆಲ್ಟೋ ಆಪರೇಷನ್ನೋ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತದೆ. ಇದು ಹಳೆಯ ಜಾರಿಕೆಯಾ, ಮರ ಬಿದ್ದು ಆದದ್ದಾ ಅಂತ ಮೊದಲು ಡಾಕ್ಟರನ್ನು ಕೇಳಿ. ನಿಮ್ಮ ದೊಡ್ಡಮ್ಮನಿಗೆ ವ್ಯಾಯಾಮದಲ್ಲೇ ಗುಣವಾಯಿತು ಅಂದಿರಲ್ಲ, ಅದು ವಯಸ್ಸಿನ ಸವೆತದಿಂದ ನಿಧಾನವಾಗಿ ಜಾರಿದ್ದಿರಬೇಕು. ಎಷ್ಟೋ ಜನ ಅದರ ಜೊತೆಗೇ ಬದುಕುತ್ತಾರೆ. ಪೆಟ್ಟಿಗೆ ಕೀಲೇ ಕಳಚಿ ಜಾರಿದ್ದರೆ ಒಳಗಿನ ಕಟ್ಟುಗಳೂ ಹರಿದಿರುತ್ತವೆ, ಅದನ್ನು ಬೆಲ್ಟ್ ಹಿಡಿದು ನಿಲ್ಲಿಸುವುದಿಲ್ಲ. ನನ್ನನ್ನು ಕೇಳಿದರೆ ಅಂಥದ್ದಕ್ಕೆ ಆಪರೇಷನ್ನೇ ದಾರಿ.

ಇವತ್ತೇ ಎಲ್ಲರನ್ನೂ ಹೊರಗೆ ಕಳಿಸಿ ತಮ್ಮನ ಹತ್ತಿರ ಕೂತು ಕೇಳಿ: ಕೂರುವ ಜಾಗ ಜೋಮಿದೆಯಾ, ಮೂತ್ರ, ಕಕ್ಕಸಿನ ಹಿಡಿತ ಸರಿ ಇದೆಯಾ, ಕಾಲ್ಬೆರಳು ಮೇಲೆತ್ತಲು ಬರುತ್ತದಾ. ಒಂದರಲ್ಲಿ ಅನುಮಾನ ಬಂದರೂ ಬೆಳಗಾಗಲಿ ಅಂತ ಕಾಯಬೇಡಿ. 108 ಕರೆಸಿ. ಜೀಪಿನಲ್ಲಿ ಕೂರಿಸಿಕೊಂಡು ಹೋಗಬೇಡಿ. ನಾಲ್ಕು ಜನ ಸೇರಿ, ಸೊಂಟ ತಿರುಚದ ಹಾಗೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿ.