ಪ್ರತಿಕ್ರಿಯೆ: 15ರ ಮಗಳಿಗೆ ‘ದ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್’ ಕೊಡಬಹುದಾ?

ಖಂಡಿತ ಕೊಡಿ, ಆದರೆ ಮೊದಲು ನೀವೊಮ್ಮೆ ಓದಿ. ಸಣ್ಣ ಪುಸ್ತಕ, ಒಂದು ಭಾನುವಾರ ಸಾಕು. ಕಾದಂಬರಿನಾ, ಕಥೆಗಳಾ ಅಂತ ಕೇಳಿದ್ದೀರಿ. ಎರಡೂ ಹೌದು. ಪುಟ್ಟಪುಟ್ಟ ತುಣುಕುಗಳು, ಹೇಳುವವಳು ಷಿಕಾಗೋದ ಮೆಕ್ಸಿಕನ್ ಮನೆತನದ ಹುಡುಗಿ ಎಸ್ಪೆರಾಂಜಾ. ಸಾಂಡ್ರಾ ಸಿಸ್ನೆರೋಸ್ ಬರೆದದ್ದು, ಬಂದದ್ದು 1984ರಲ್ಲಿ.

ಅವಳ ಹೆಸರಿನ ಬಗ್ಗೆ ಇರುವ ತುಣುಕನ್ನು ಮೊದಲು ಓದಿಸಿ. ಅದು ಮುತ್ತಜ್ಜಿಯ ಹೆಸರು. ಮದುವೆಯೇ ಬೇಡ ಅಂದಿದ್ದ ಆಕೆಯ ತಲೆಗೆ ಮುತ್ತಜ್ಜ ಗೋಣಿಚೀಲ ಹಾಕಿ ಹೊತ್ತೊಯ್ದನಂತೆ. ಆಮೇಲೆ ಜೀವನವಿಡೀ ಕಿಟಕಿ ಪಕ್ಕ ಕೂತಳು. ಹೆಸರು ಸರಿ, ಆ ಕಿಟಕಿ ಮಾತ್ರ ಎಸ್ಪೆರಾಂಜಾಗೆ ಬೇಡ. ಇಷ್ಟು ಓದಿದ ಮೇಲೆ ಹೆಣ್ಣು, ಗುರುತು ಅಂತ ಮಗಳಿಗೆ ಬೇರೆ ಭಾಷಣ ಯಾಕೆ, ಅಲ್ವಾ?

ಒಂದು ಮಾತು. ‘ರೆಡ್ ಕ್ಲೌನ್ಸ್’ ಅನ್ನೋ ತುಣುಕಿನಲ್ಲಿ ಲೈಂಗಿಕ ದೌರ್ಜನ್ಯ ಇದೆ. ಅದನ್ನು ಓದುವಾಗ ಜೊತೆಗಿರಿ.

ಹಿಡಿಸಿದರೆ ಮುಂದೆ ಎಲಿಜಬೆತ್ ಅಸೆವೆಡೊ ಅವರ ‘ದ ಪೊಯೆಟ್ ಎಕ್ಸ್’ ಕೊಡಿ, 2018ರದ್ದು. ಪೂರ್ತಿ ಕವಿತೆಯಲ್ಲೇ ಇದೆ. ನ್ಯೂಯಾರ್ಕ್‌ನ ಹಾರ್ಲೆಮ್ ಬಡಾವಣೆಯ, ಡೊಮಿನಿಕನ್ ಗಣರಾಜ್ಯ ಮೂಲದ ಹುಡುಗಿ ಗುಟ್ಟಾಗಿ ಬರೆದ ನೋಟ್‌ಬುಕ್ಕನ್ನು ಅಮ್ಮನೇ ಸುಡುತ್ತಾಳೆ. ಆ ಪುಟಗಳು ಮಕ್ಕಳಿಗಿಂತ ನಮಗೇ ಜಾಸ್ತಿ ಕಷ್ಟ.