ಹೆಬ್ಬೆರಳಿನ ಶಾಯಿ: ಪುಣೆಯ ಒಂದು ಆಪ್ತಸಲಹೆ ಪ್ರಕರಣ

ನಾನು ಪುಣೆಯಲ್ಲಿ ಆಪ್ತಸಲಹೆಗಾರ್ತಿ. ಹೆಸರು, ಊರು, ವಯಸ್ಸು ಎಲ್ಲ ಬದಲಿಸಿದ್ದೇನೆ. ನೀಲವ್ವ ಅಂತ ಕರೆಯೋಣ. ವಿಜಯಪುರದ ಕಡೆಯವಳು, 24 ವರ್ಷ, 4 ತಿಂಗಳ ಬಸುರಿ. ಗಂಡ ಪುಣೆಯ ವಾಕಡ್ ಹತ್ತಿರ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ, ತಗಡಿನ ಶೆಡ್ಡಿನಲ್ಲಿ ಸಂಸಾರ.

ನನ್ನೆದುರು ಕೂತಾಗ ಎಡಗೈ ಹೆಬ್ಬೆರಳನ್ನು ಸೆರಗಿನ ತುದಿಯಿಂದ ಉಜ್ಜುತ್ತಲೇ ಇದ್ದಳು. ನೀಲಿ ಶಾಯಿ. ಉಗುರಿನ ಸಂದಿಗೆ ಇಳಿದರೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಅಲ್ವಾ.

"ಅಕ್ಕಾರ, ನನ್ನ ರಕ್ತ ತೊಗೊಂಡು ಏನೋ ಪ್ರಯೋಗ ಮಾಡ್ತಾರಂತ್ರಿ. ನಮ್ಮತ್ತಿ ಅಂತಾಳ, ಹೆಬ್ಬಟ್ಟು ಒತ್ತಿ ಬಂದೀದಿ, ಮುಗೀತಿನ್ನ. ಈಗ ಒಲ್ಲೆ ಅಂದ್ರ ಹೆರಿಗಿ ಮಾಡಸಂಗಿಲ್ಲೇನ್ರಿ ಅವ್ರು?"

ಒಂದೇ ಬೆಳಿಗ್ಗೆ ಎರಡು ಕೆಲಸ ಆಗಿದ್ದವು, ಅವಳ ತಲೆಯಲ್ಲಿ ಎರಡೂ ಗಂಟುಬಿದ್ದಿದ್ದವು. ಮೊದಲನೆಯದು ಬಸುರಿ ಹೆಂಗಸರಿಗೆಲ್ಲ ಹೇಳುವ ಎಚ್‌ಐವಿ ಟೆಸ್ಟ್. ಎರಡನೆಯದು, ಬಿಳಿಸೆರಗು ಜಾಸ್ತಿ ಹೋಗುತ್ತದೆ, ತುರಿಕೆ ಇದೆ ಅಂತ ಡಾಕ್ಟರ್ ಹತ್ತಿರ ಹೇಳಿಕೊಂಡಿದ್ದಕ್ಕೆ, ಹೆಂಗಸರ ಗರ್ಭಕೋಶದ ಸೋಂಕಿನ ಬಗ್ಗೆ ನಡೆಯುತ್ತಿದ್ದ ಒಂದು ಸಂಶೋಧನೆಗೆ ಅವಳನ್ನು ಸೇರಿಸಿಕೊಂಡಿದ್ದರು. ಆಸ್ಪತ್ರೆ ಯಾವುದು ಅನ್ನುವುದು ಇಲ್ಲಿ ಬೇಡ. ಫಾರಂ ಮರಾಠಿಯಲ್ಲಿತ್ತು. ನಾಲ್ಕು ಹಾಳೆ. ಕೊನೆ ಹಾಳೆಯಲ್ಲಿ ಹೆಬ್ಬಟ್ಟು, ಪಕ್ಕದಲ್ಲಿ ಸಾಕ್ಷಿ ಅಂತ ಯಾರದೋ ಸಹಿ. ಯಾರದು ಅಂತ ಕೇಳಿದರೆ ನೀಲವ್ವನಿಗೆ ಗೊತ್ತಿಲ್ಲ.

"ನಂಗ ಸಹಿ ಮಾಡಾಕ ಬರ್ತದ್ರಿ. ನಾಕನೇತ್ತ ತನಕ ಸಾಲಿಗಿ ಹೋಗೀನಿ. ಅವ್ರು ಕೇಳಲೇ ಇಲ್ಲ."

ಪ್ರಯೋಗದ ಭಯಕ್ಕಿಂತ ಈ ಮಾತು ಹೇಳುವಾಗ ಅವಳ ಗಂಟಲು ಜಾಸ್ತಿ ಬಿಗಿದಿತ್ತು.

ನಾನು ಹೇಳಿದ್ದು ಇಷ್ಟು. ಹೆರಿಗೆಗೂ ಸಂಶೋಧನೆಗೂ ಸಂಬಂಧ ಇಲ್ಲ. ಸೇರಲ್ಲ ಅಂದರೂ, ಸೇರಿ ಅರ್ಧಕ್ಕೆ ಬಿಟ್ಟರೂ, ನಿನಗೆ ಸಿಗಬೇಕಾದ ಚಿಕಿತ್ಸೆ ಸಿಗಲೇಬೇಕು. ಬಿಳಿಸೆರಗಿಗೆ ಔಷಧಿಯೂ ಅಷ್ಟೇ, ಅದಕ್ಕೂ ಆ ಫಾರಂಗೂ ತಳಕು ಹಾಕುವ ಹಾಗಿಲ್ಲ. ನಿನಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು, ಒಂದು ಪ್ರತಿ ನಿನ್ನ ಕೈಗೆ ಕೊಡಬೇಕು, ಓದಲು ಬರದವರಾದರೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿ ಎದುರಲ್ಲೇ ಇರಬೇಕು. ಇದೆಲ್ಲ ನನ್ನ ಮಾತಲ್ಲ, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರಲ್ಲಿ ಹೊರಡಿಸಿದ ನಿಯಮಗಳಲ್ಲೇ ಇದೆ. ಎಚ್‌ಐವಿ ಟೆಸ್ಟಿಗೆ ಇನ್ನೂ ಬಿಗಿ. 2017ರ ಎಚ್‌ಐವಿ-ಏಡ್ಸ್ ಕಾಯ್ದೆ, 2018ರ ಸೆಪ್ಟೆಂಬರಿಂದ ಜಾರಿಯಲ್ಲಿದೆ, ಅದರ ಪ್ರಕಾರ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ರಿಪೋರ್ಟನ್ನು ಅತ್ತೆಗೆ ತೋರಿಸು ಅಂತ ಯಾರೂ ಒತ್ತಾಯ ಮಾಡುವಂತಿಲ್ಲ.

ರಿಪೋರ್ಟ್ ನೆಗೆಟಿವ್ ಬಂದಿತ್ತು. ಅವಳು ಉಸಿರು ಬಿಟ್ಟು, "ಹಂಗಾರ ಅವ್ರದೂ ಚೊಲೋನೇ ಅದ ಅಂದಂಗಾತಲ್ರಿ" ಅಂದಳು.

ಇಲ್ಲ. ಈ ಒಂದು ಮಾತನ್ನು ವಾರದಲ್ಲಿ ಎಷ್ಟು ಸಲ ಕೇಳುತ್ತೇನೋ. ಹೆಂಡತಿಯ ರಿಪೋರ್ಟನ್ನೇ ಗಂಡನ ರಿಪೋರ್ಟ್ ಅಂದುಕೊಳ್ಳುತ್ತಾರೆ, ಗಂಡಂದಿರಿಗಂತೂ ಅದು ಬಹಳ ಅನುಕೂಲ. ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ತಗುಲದೆ ವರ್ಷಗಟ್ಟಲೆ ಇರುವ ಜೋಡಿಗಳಿವೆ. ಹೊಸದಾಗಿ ತಗುಲಿದ್ದರೆ ಮೊದಲ ಕೆಲವು ವಾರ ಟೆಸ್ಟಿನಲ್ಲಿ ಕಾಣಿಸುವುದೂ ಇಲ್ಲ. ಬಸುರಿಯಿದ್ದಾಗ ಅಥವಾ ಹಾಲೂಡಿಸುವಾಗ ಹೊಸದಾಗಿ ತಗುಲಿದರೆ ಮಗುವಿಗೆ ದಾಟುವ ಅಪಾಯ ಜಾಸ್ತಿ. ಅದಕ್ಕೇ ಹೇಳಿದೆ, ಗಂಡ ಟೆಸ್ಟ್ ಮಾಡಿಸಿಕೊಳ್ಳಲಿ, ಅಲ್ಲಿಯವರೆಗೆ ನಿರೋಧ್ ಬಳಸಿ, ಮೂರು ತಿಂಗಳಿಗೆ ನೀನೂ ಮತ್ತೊಮ್ಮೆ ಬಾ. ಇದ್ದರೂ ಹೆದರುವ ಕಾಲ ಅಲ್ಲ ಇದು. ಔಷಧಿಯೇ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯಿಂದ ಬರುತ್ತಿತ್ತು, ಸರಿಯಾಗಿ ಮಾತ್ರೆ ತೆಗೆದುಕೊಂಡರೆ 5ಕ್ಕಿಂತ ಕಡಿಮೆ. ಮಾತ್ರೆ ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ.

"ನಾ ಹೆಂಗ ಕೇಳಲ್ರಿ ಅವ್ರಿಗೆ? ನನ್ನ ಮ್ಯಾಲ ಸಂಶಯ ಪಡ್ತಿಯೇನ ಅಂತ ಹೊಡದಾರ." ಹಾಗಾದರೆ ನೀನು ಕೇಳಬೇಡ, ಅಂದೆ. "ಮಗುವಿನ ಸಲುವಾಗಿ ಇಬ್ಬರದೂ ಆಗಬೇಕಂತ, ಆಸ್ಪತ್ರೆಯವರು ಕರೆದಾರ" ಅಂತಷ್ಟೇ ಹೇಳು, ಉಳಿದದ್ದು ನನಗೆ ಬಿಡು. ಹೊಡೆತದ ಮಾತನ್ನು ಬೇರೆಯಾಗಿ ವಿಚಾರಿಸಿದೆ, ಅದು ಇಲ್ಲಿ ಬೇಡ.

ಸಂಶೋಧನೆಯ ವಿಷಯಕ್ಕೆ ಬಂದರೆ ನಿಜ ಹೇಳಬೇಕು, ಅವಳು ಬಿಟ್ಟುಬಿಡುತ್ತಾಳೇನೋ ಅಂತ ನನಗೆ ಒಳಗೊಳಗೇ ಬೇಜಾರಿತ್ತು. ಯಾಕೆಂದರೆ ಗಂಡನ ಟೆಸ್ಟ್ ಬಗ್ಗೆ ನಾನು ಇವತ್ತು ಇಷ್ಟು ಧೈರ್ಯವಾಗಿ ಮಾತಾಡುತ್ತಿರುವುದೇ ಇದೇ ಪುಣೆಯ ಹೆಂಗಸರಿಂದ. 1993ರಿಂದ 1996ರವರೆಗೆ ಇಲ್ಲಿನ ಲೈಂಗಿಕ ರೋಗಗಳ ಕ್ಲಿನಿಕ್ಕುಗಳಿಗೆ ಬಂದ 916 ಹೆಂಗಸರನ್ನು ಡಾ. ರಾಮನ್ ಗಂಗಾಖೇಡ್ಕರ್ ಮತ್ತು ಸಂಗಡಿಗರು ಪರೀಕ್ಷಿಸಿದರು (ಹೌದು, ಕೋವಿಡ್ ಕಾಲದಲ್ಲಿ ಟೀವಿಯಲ್ಲಿ ದಿನಾ ಬರುತ್ತಿದ್ದವರೇ). ಅವರಲ್ಲಿ 391 ಮಂದಿ ಲೈಂಗಿಕ ವೃತ್ತಿಯವರಲ್ಲ, ಹೆಚ್ಚಿನವರು ಮದುವೆಯಾಗಿ ಗಂಡನೊಬ್ಬನನ್ನೇ ನಂಬಿದವರು. ಅವರಲ್ಲೂ ಶೇ. 13.6 ಮಂದಿಗೆ ಎಚ್‌ಐವಿ ಇತ್ತು. ಕ್ಲಿನಿಕ್ಕಿಗೆ ಬಂದವರ ಲೆಕ್ಕ ಅದು, ಊರಿನದಲ್ಲ. ಆದರೂ 1997ರಲ್ಲಿ ಅದು ಅಚ್ಚಾದ ಮೇಲೆ "ಸಂಸಾರಸ್ಥರಿಗೆ ಯಾಕೆ ಬರುತ್ತೆ" ಅನ್ನುವ ಮಾತಿಗೆ ಅರ್ಥ ಉಳಿಯಲಿಲ್ಲ. ಇದನ್ನು ನೀಲವ್ವನಿಗೂ ಹೇಳಿದೆ, ಆದರೆ ಸೇರು ಅನ್ನಲಿಲ್ಲ. ಅದು ನನ್ನ ಕೆಲಸ ಅಲ್ಲ.

ಸಂಶೋಧನೆಯವರಿಗೆ ಫೋನ್ ಮಾಡಿದೆ. ಮೊದಲು ಸ್ವಲ್ಪ ಬಿಸಿಯಾದರು, ಆಮೇಲೆ ಬೆಳಗಾವಿ ಕಡೆಯ ನರ್ಸ್ ಒಬ್ಬರನ್ನು ಕಳಿಸಿದರು. ಅವರು ಕೂತು ನಾಲ್ಕೂ ಹಾಳೆ ಕನ್ನಡದಲ್ಲಿ ಹೇಳಿದರು, ಮುಕ್ಕಾಲು ಗಂಟೆ ಹಿಡಿಯಿತು. ಮೂರನೇ ಹಾಳೆಯಲ್ಲಿ ಒಂದು ಸಾಲು: ಉಳಿದ ರಕ್ತವನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳಬಹುದೇ? ಹೌದು, ಇಲ್ಲ, ಎರಡು ಚೌಕ. ಮೊದಲನೇ ಫಾರಂನಲ್ಲಿ ಯಾರೋ "ಹೌದು" ಅಂತ ಗುರುತು ಹಾಕಿಬಿಟ್ಟಿದ್ದರು. ನೀಲವ್ವ ಹೊಸ ಫಾರಂನಲ್ಲಿ "ಇಲ್ಲ"ದ ಚೌಕದ ಮೇಲೆ ಬೆರಳಿಟ್ಟು, "ಇದೊಂದು ಬ್ಯಾಡ್ರಿ. ಉಳಿದದ್ದಕ್ಕ ಬರ್ತೀನಿ" ಅಂದಳು. ಕೆಳಗೆ ಕನ್ನಡದಲ್ಲಿ ಸಹಿ ಮಾಡಿದಳು, ವ ಅಕ್ಷರದ ಒತ್ತು ಗೆರೆ ದಾಟಿ ಕೆಳಗಿಳಿದಿತ್ತು.

ಗಂಡ ಮೂರನೇ ವಾರ ಬಂದ. ಕೂಲಿ ಹೋಯಿತು ಅಂತ ಗೊಣಗಿದ, ಟೆಸ್ಟಿಗೆ ಒಪ್ಪಿದ. ಅವನು ಒಳಗೆ ರಿಪೋರ್ಟ್ ತೆಗೆದುಕೊಂಡು ಹೊರಗೆ ಹೋದ ಮೇಲೆ ನೀಲವ್ವ ಬಾಗಿಲಲ್ಲಿ ಇಣುಕಿ, "ಏನ್ ಬಂತ್ರಿ ಅಕ್ಕಾರ?" ಅಂತ ಕೇಳಿದಳು. ಅವರನ್ನೇ ಕೇಳು, ಅಂದೆ. ಕಿಟಕಿಯಿಂದ ಕಾಣುತ್ತಿತ್ತು. ಬೆಂಚಿನ ಮೇಲೆ ಒಂದು ನಿಮಿಷ ಇಬ್ಬರೂ ಸುಮ್ನೆ ಕೂತಿದ್ದರು, ಆಮೇಲೆ ಅವನು ಜೇಬಿನಿಂದ ಚೀಟಿ ತೆಗೆದು ಅವಳ ಕೈಗೆ ಕೊಟ್ಟ.